ನಾಲ್ಕು ಸಾಕ್ಷಿ, ಒಂದೇ ಬಾಯಿ

“ಕಿವಿಯಾರೆ ಕೇಳಿದ್ದೇನೆ ಅಂತ ಸೈನ್ ಹಾಕಿದೀಯಲ್ಲ ಬಸಪ್ಪ, ಯಾವ ಕಿವೀಲಿ ಕೇಳ್ದೆ?”

ಇಸ್ತ್ರಿ ಗಾಡಿಯ ಬಸಪ್ಪ ಕೆಂಡದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಅವನ ಮುಂದೆ, ಮಡಿಚಿಟ್ಟ ಅಂಗಿಗಳ ಮೇಲೆ, ಗೌರಮ್ಮ ಪೊಲೀಸ್ ಹೇಳಿಕೆಯ ಜೆರಾಕ್ಸ್ ಹರವಿದ್ದಳು. ಜಯನಗರ ಏಳನೇ ಬ್ಲಾಕಿನ ಆ ರಸ್ತೆಯಲ್ಲಿ ಮಧ್ಯಾಹ್ನ ಎರಡೂವರೆಯ ಬಿಸಿಲು. ಎದುರಿಗಿನ ಅರಬ್ಬಿ ಗ್ರಂಥಗಳ ಅಧ್ಯಯನ ಕೇಂದ್ರದ ಗೇಟಿನ ಬಳಿ ಇಬ್ಬರು ಕಾನ್‌ಸ್ಟೇಬಲ್‌ಗಳು ಬೈಕಿಗೆ ಒರಗಿ ನಿಂತು ಇತ್ತಲೇ ನೋಡುತ್ತಿದ್ದರು.

“ಅಕ್ಕ, ನಾನು ಓದಿಲ್ಲ. ಹಾಕು ಅಂದ್ರು, ಹಾಕ್ದೆ.”

“ಅದು ಗೊತ್ತು ಬಿಡು. ಸೋಮವಾರ ಸಂಜೆ ಆರು ಗಂಟೆಗೆ ಸಬೀಹಾ ಮೇಲ್ಗಡೆ ರೂಮಲ್ಲಿ ಪ್ರೊಫೆಸರ್ ಜೊತೆ ಕೂಗಾಡಿದ್ದನ್ನ ನೀನು ಕೇಳಿದ್ಯಾ, ಇಲ್ವಾ? ಅಷ್ಟು ಹೇಳು ಸಾಕು.”

ಬಸಪ್ಪ ಕಾನ್‌ಸ್ಟೇಬಲ್‌ಗಳ ಕಡೆ ಒಂದು ಸಲ ನೋಡಿ ದನಿ ಇಳಿಸಿದ. “ಆವತ್ತು ಪಕ್ಕದ ಸೈಟಲ್ಲಿ ಬೋರ್ ಕೊರೀತಿದ್ರು ಅಕ್ಕ. ನನ್ನ ಮಾತು ನಂಗೇ ಕೇಳಿಸ್ತಿರ್ಲಿಲ್ಲ. ಮಾರನೇ ದಿನ ಟೀ ಕುಡಿಯೋವಾಗ ವಾಚ್‌ಮನ್ ಹನಮಂತ ಹೇಳ್ದ.”

ಗೌರಮ್ಮ ಜೆರಾಕ್ಸಿನ ಅಂಚಿನಲ್ಲಿ ‘ಹನಮಂತ’ ಎಂದು ಬರೆದುಕೊಂಡಳು. ಸಂಜೆ ಐದಕ್ಕೆ ಇನ್ನು ಎರಡೂವರೆ ಗಂಟೆ ಉಳಿದಿತ್ತು. ಪ್ರೊಫೆಸರ್ ವಾಜಿದ್ ಸಾಹೇಬರು ಕೇಂದ್ರದ ಮೆಟ್ಟಿಲಿಂದ ಉರುಳಿ ಬಿದ್ದು, ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿ ಇಂದಿಗೆ ನಾಲ್ಕನೇ ದಿನ. ಅವರ ಬೀರುವಿನಲ್ಲಿದ್ದ ಮುನ್ನೂರು ವರ್ಷ ಹಳೆಯ ಅರಬ್ಬಿ ಹಸ್ತಪ್ರತಿ ಮಾಯವಾಗಿ ಅಷ್ಟೇ ದಿನ. ಐದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ದಿನೇಶ್ ಬಂದು ಸಾಹೇಬರ ಶಿಷ್ಯೆ ಸಬೀಹಾಳನ್ನು ಅರೆಸ್ಟ್ ಮಾಡುವುದಿತ್ತು; ಅಲ್ಲಿಯವರೆಗೆ ಅವಳು ಕೇಂದ್ರ ಬಿಟ್ಟು ಹೋಗದಂತೆ ಗೇಟಿನಲ್ಲಿ ಆ ಇಬ್ಬರ ಕಾವಲು.

ಸಬೀಹಾ ಬೇರೆ ಯಾರೋ ಆಗಿದ್ದರೆ ಗೌರಮ್ಮ ಇಷ್ಟು ಬಿಸಿಲಲ್ಲಿ ಅಲೆಯುತ್ತಿರಲಿಲ್ಲವೇನೋ. ಎಎಸ್‌ಐ ಆಗಿ ರಿಟೈರಾದ ಮೇಲೆ ಅವಳ ಪತ್ತೇದಾರಿಯೆಲ್ಲ ಮದುವೆಗೆ ಮುಂಚಿನ ವಿಚಾರಣೆ, ಕಾಣೆಯಾದ ಸ್ಕೂಟರು, ಇಂಥದ್ದೇ. ಆದರೆ ಈ ಹುಡುಗಿ ಮತ್ತು ಅವಳ ತಾಯಿ ಅರೆಕೆರೆಯಲ್ಲಿ ಗೌರಮ್ಮನ ಮನೆಯ ಹಿಂಭಾಗದ ಬಾಡಿಗೆದಾರರು. ಮೂರು ವರ್ಷದಿಂದ ಗೌರಮ್ಮನ ಬಿ.ಪಿ. ಮಾತ್ರೆ ನೆನಪಿಸುವವಳು ಇವಳೇ. ಒಂದು ರಾತ್ರಿ ಲಾಕಪ್ಪಿನಲ್ಲಿ ಕೂತರೆ ಪಿಎಚ್‌ಡಿಯೂ ಹೋಯಿತು, ಹೆಸರೂ ಹೋಯಿತು. ಆಮೇಲೆ ನಿರಪರಾಧಿ ಅಂತ ಬಿಟ್ಟರೂ ಬೀದಿಯವರ ಬಾಯಿ ಬಿಡುವುದಿಲ್ಲ. ಅದು ಗೌರಮ್ಮನಿಗೆ ಇನ್ನೊಬ್ಬರು ಹೇಳಿ ಗೊತ್ತಾಗಬೇಕಿರಲಿಲ್ಲ.

ಹನಮಂತ ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ.

“ನಾ ಎಲ್ಲಿ ಕೇಳೀನ್ರೀ? ಸಾಹೇಬ್ರನ್ನ ದವಾಖಾನಿಗೆ ಹಾಕಿದ ರಾತ್ರಿ ಸೆಕ್ರೆಟರಿ ನಂದಕುಮಾರ್ ಸರ್ ಹೇಳಿದ್ರು. ಇಬ್ರಿಗೂ ಜಗಳ ಆತು, ಪುಸ್ತಕಾ ತಗೊಂಡು ಹೋಗ್ಯಾಳ ಅಂತ.”

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಕೇಂದ್ರದ ಗುಮಾಸ್ತೆ ದಿವ್ಯ ಇನ್ನೂ ಚುಟುಕಾಗಿ ಮುಗಿಸಿದಳು. “ಮಂಗಳವಾರ ಬೆಳಿಗ್ಗೆ ನಂದಕುಮಾರ್ ಸಾರ್ ಫೋನ್ ಮಾಡಿ ಹೇಳಿದ್ರು ಮೇಡಂ. ಸೋಮವಾರ ನಾನು ಲೀವು.”

“ರಜೆಯಲ್ಲಿದ್ದೋಳು ಕಿವಿಯಾರೆ ಕೇಳಿದೀನಿ ಅಂತ ಸೈನ್ ಹಾಕಿದೀಯಲ್ಲಮ್ಮ.”

“ಹಾಗೆ ಬರ್ದಿದಾರಾ?” ದಿವ್ಯಾಳ ಮುಖ ಸಣ್ಣಗಾಯಿತು.

ಹಾಗೆ ಬರೆದಿದ್ದರು. ನಾಲ್ವರ ಹೇಳಿಕೆಯಲ್ಲೂ ಒಂದೇ ಸಾಲು, ಅಲ್ಪವಿರಾಮ ಸಹಿತ: ‘ನಾನು ಸ್ಥಳದಲ್ಲಿ ಖುದ್ದು ಹಾಜರಿದ್ದು, ಸದರಿ ಜಗಳವನ್ನು ಕಿವಿಯಾರೆ ಕೇಳಿರುತ್ತೇನೆ.’ ಠಾಣೆಯ ರೈಟರ್‌ಗೆ ಅದು ಬೆರಳಿಗೆ ಅಂಟಿದ ವಾಕ್ಯ. ಯಾರು ಬಂದು ಏನೇ ಹೇಳಲಿ, ಪೆನ್ನು ತಾನಾಗಿ ‘ಖುದ್ದು ಹಾಜರಿದ್ದು’ ಎಂದು ಓಡುತ್ತದೆ. ಬೈಯೋಣವೆಂದರೆ ಗೌರಮ್ಮನಿಗೆ ನಾಲಿಗೆ ಏಳಲಿಲ್ಲ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಅವಳ ಕೈಯಲ್ಲೂ ಅದೇ ಸಾಲು ಎಷ್ಟು ನೂರು ಸಲ ಬರೆಸಿಕೊಂಡಿತ್ತೋ, ಯಾರು ಯಾರು ಅದರಿಂದ ಒಳಗೆ ಹೋಗಿದ್ದರೋ. ಅದನ್ನು ಈಗ ನೆನೆಯಲು ಅವಳಿಗೆ ಇಷ್ಟವಿರಲಿಲ್ಲ.

ಸಬೀಹಾ ಹಿತ್ತಲ ಕಡೆಯ ಕಲ್ಲುಚಪ್ಪಡಿಯ ಮೇಲೆ ಕೂತಿದ್ದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಬೆರಳು ಕೆಂಪಾಗಿತ್ತು. ಗೌರಮ್ಮ ಹೇಳಿದ್ದನ್ನೆಲ್ಲ ಕೇಳಿ ಅವಳು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದಳು.

“ಆಂಟಿ, ನಾವು ಕೆಲಸ ಮಾಡೋದೇ ಹೀಗೆ. ಪ್ರವಾದಿಯವರು ಇಂಥಾ ಮಾತು ಹೇಳಿದ್ರು ಅಂತ ಒಂದು ಹದೀಸ್ ಸಿಕ್ತು ಅಂದ್ಕೊಳ್ಳಿ. ಮಾತು ಚೆನ್ನಾಗಿದೆಯಾ ಅಂತ ಮೊದ್ಲೇ ನೋಡಲ್ಲ. ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು, ಅವರಿಗೆ ಯಾರು, ಆ ಪಟ್ಟಿ ನೋಡ್ತೀವಿ. ಪ್ರತಿ ಹದೀಸ್ ಮುಂದೆನೂ ಆ ಪಟ್ಟಿ ಇರುತ್ತೆ.”

ಕೆಳಗೆ ಬಸಪ್ಪ, ಹನಮಂತ, ದಿವ್ಯ ಎಂದು ಬರೆದು, ಒಬ್ಬೊಬ್ಬರಿಂದಲೂ ಮೇಲಕ್ಕೆ ಗೆರೆ ಎಳೆದಳು. ಬಸಪ್ಪನ ಗೆರೆ ಹನಮಂತನಿಗೆ ಸೇರಿತು. ಹನಮಂತನದೂ ದಿವ್ಯಾಳದೂ ಮೇಲೆ ಹೋಗಿ ಒಂದೇ ಹೆಸರಿನಲ್ಲಿ, ನಾಲ್ಕನೇ ಸಾಕ್ಷಿಯ ಹೆಸರಿನಲ್ಲಿ, ಕೂಡಿದವು. ನಂದಕುಮಾರ್.

“ಹತ್ತು ಜನ ಹೇಳಿದ್ರೆ ಹತ್ತು ಸಾಕ್ಷಿ ಅಲ್ಲ. ಗೆರೆ ಎಳೆದು ನೋಡಿದ್ರೆ ಎಲ್ಲಾ ಒಬ್ಬನ ಹತ್ರ ಬಂದು ಗಂಟಾಗುತ್ತೆ. ಆಗ ಅದು ಒಂದೇ ಸಾಕ್ಷಿ.”

“ನಾಲ್ಕು ಸಾಕ್ಷಿ, ಒಂದೇ ಬಾಯಿ,” ಎಂದಳು ಗೌರಮ್ಮ. “ಹಾಗಾದ್ರೆ ಸುಳ್ಳು ಹುಟ್ಟಿಸಿದವನು ಸಿಕ್ಕಿದ ಅನ್ನು.”

“ಇಲ್ಲ ಆಂಟಿ. ವಿದ್ವಾಂಸರು ಇವತ್ತಿಗೂ ಕಿತ್ತಾಡ್ತಾರೆ ಅದಕ್ಕೆ. ಗಂಟಿನಲ್ಲಿರೋನು ತಾನೇ ಹುಟ್ಟಿಸಿರಬಹುದು. ಇಲ್ಲಾ ಅವನಿಗೂ ಮೇಲಿಂದ ಯಾರೋ ಹೇಳಿರಬಹುದು. ಗಂಟು ಸಿಕ್ಕಿದ ತಕ್ಷಣ ನಿಲ್ಲಬೇಡಿ ಅಂತ ಸರ್ ಬೈತಿದ್ರು.”

ಸರ್ ಎಂದಾಗ ಅವಳ ದನಿ ಒಡೆಯಿತು. ನಾಲ್ಕು ದಿನದಲ್ಲಿ ಆ ಹುಡುಗಿ ಅಳುವುದನ್ನು ಗೌರಮ್ಮ ನೋಡಿರಲಿಲ್ಲ. ಈಗಲೂ ಅವಳು ಅಳಲಿಲ್ಲ, ಪೆನ್ನಿನ ಕ್ಯಾಪು ಹಾಕಿಟ್ಟಳು.

“ನಿನ್ನ ಮಾತನ್ನ ಠಾಣೇಲಿ ಯಾರೂ ನಂಬಿಲ್ಲ. ನಂದಕುಮಾರ್ ಬಾಗಿಲ ಹತ್ರ ನಿಂತು ತಾವೇ ಕೇಳಿದ್ದು ಅಂತ ಹೇಳಿದಾರೆ. ಅದನ್ನ ಹೇಗೆ ಮುರಿಯೋದು?”

ಸಬೀಹಾ ಗೌರಮ್ಮನ ಕೈಚೀಲವನ್ನು ತೋರಿಸಿದಳು. ಅದರೊಳಗೆ, ಬೆಳಿಗ್ಗೆ ಸಾಹೇಬರ ಹೆಂಡತಿ ಆಸ್ಪತ್ರೆಯಲ್ಲಿ ಕೊಟ್ಟ ಉದ್ದನೆಯ ನೋಟ್‌ಬುಕ್ ಇತ್ತು. ಸಾಹೇಬರು ಬಿದ್ದಾಗ ಅವರ ಜುಬ್ಬಾದ ಜೇಬಿನಲ್ಲಿ ಸಿಕ್ಕಿದ್ದು.

ಹಿಂದಿನ ಕಾಲದಲ್ಲಿ ಒಂದು ಗ್ರಂಥವನ್ನು ಶಿಷ್ಯ ಗಟ್ಟಿಯಾಗಿ ಓದಬೇಕು, ಗುರು ಕೇಳಿ ತಿದ್ದಬೇಕು. ಓದು ಮುಗಿದ ಮೇಲೆ ಹಸ್ತಪ್ರತಿಯ ಕೊನೆಯಲ್ಲಿ ಒಂದು ಹಾಜರಿ ಬರೆಯುತ್ತಿದ್ದರು: ಯಾವ ದಿನ, ಯಾವ ಜಾಗ, ಯಾರು ಓದಿದರು, ಯಾರು ಕೇಳಿದರು. ಯಾರು ತಡವಾಗಿ ಬಂದರು, ಯಾರು ಮಧ್ಯೆ ಹರಟೆ ಹೊಡೆದರು, ಯಾರು ತೂಕಡಿಸಿದರು, ಅದನ್ನೂ ಮುಲಾಜಿಲ್ಲದೆ ಬರೆಯುವುದು. ವಾಜಿದ್ ಸಾಹೇಬರು ಆ ಪದ್ಧತಿಯನ್ನು ಜಯನಗರದಲ್ಲೂ ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷದಿಂದ ಪ್ರತಿ ಓದಿಗೂ ಉರ್ದುವಿನಲ್ಲಿ ಒಂದು ಪುಟ.

ಸೋಮವಾರದ ಪುಟದಲ್ಲಿ ಏನಿದೆ ಎಂದು ಸಬೀಹಾ ಓದಿ ಹೇಳಿದಳು. ಗೌರಮ್ಮ ಕನ್ನಡದಲ್ಲಿ ಬರೆದುಕೊಂಡು ಎದ್ದಳು. “ಇಲ್ಲೇ ಇರು. ನಾನು ಕರೆಯೋವರೆಗೂ ಮೇಲೆ ಬರಬೇಡ.”

ನಂದಕುಮಾರ್ ಕೇಂದ್ರದ ಕಾರ್ಯದರ್ಶಿ. ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು, ಬಸವನಗುಡಿಯ ಹಳೆಯ ಮನೆತನ, ವಾಜಿದ್ ಸಾಹೇಬರಿಗೆ ನಲವತ್ತು ವರ್ಷದ ಗೆಳೆಯ. ಮೊದಲನೇ ಮಹಡಿಯ ಓದುವ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಗೌರಮ್ಮನನ್ನು ನೋಡಿ ಎದ್ದು ಕುರ್ಚಿ ಎಳೆದರು.

“ಕೂತ್ಕೊಳ್ಳಿ. ಕಾಫಿ ತರಿಸ್ಲಾ?”

“ಬೇಡ ಸಾರ್. ನಿಮಗೆ ಉರ್ದು ಓದೋಕೆ ಬರುತ್ತೆ ಅಲ್ವಾ?”

“ಹಳೇ ದಫ್ತರು ಓದೋಕೆ ಅಂತ ಸಾಹೇಬರೇ ಕಲಿಸಿದ್ದು. ಯಾಕೆ?”

ಗೌರಮ್ಮ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟಳು. ನಂದಕುಮಾರ್ ಅದನ್ನು ಮುಟ್ಟಲಿಲ್ಲ. ಅದು ಏನೆಂದು ಅವರಿಗೆ ಗೊತ್ತಿತ್ತು. ಅವರ ತೂಕಡಿಕೆಯೇ ಅದರಲ್ಲಿ ಏಳೆಂಟು ಕಡೆ ದಾಖಲಾಗಿತ್ತಂತೆ.

“ಇದು ಎಲ್ಲಿ ಸಿಕ್ತು?”

“ಆಮೇಲೆ ಹೇಳ್ತೀನಿ. ಸೋಮವಾರ ಆರು ಗಂಟೆಗೆ ನೀವು ಎಲ್ಲಿದ್ರಿ?”

“ಹೇಳಿಕೇಲಿ ಇದೆಯಲ್ಲ. ಈ ಬಾಗಿಲ ಹೊರಗೆ. ಒಳಗೆ ಅವರಿಬ್ಬರೂ...”

“ಬಾಗಿಲು ಹಾಕಿತ್ತಾ?”

“ಹಾಕಿತ್ತು.”

“ಬೋರ್ ಸದ್ದಿನಲ್ಲೂ ಕೇಳಿಸ್ತಾ?”

“ಕೇಳಿಸ್ತು,” ಎಂದರು ನಂದಕುಮಾರ್.

“ಸೋಮವಾರದ ಪುಟ ಓದಿ ಸಾರ್. ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿ. ನನ್ನ ಹತ್ರನೂ ಒಂದು ಚೀಟಿ ಇದೆ, ತಾಳೆ ನೋಡ್ಕೋತೀನಿ.”

ಅವರು ಕನ್ನಡಕ ಒರೆಸಿ ಹಾಕಿಕೊಂಡು, ಪುಟ ತಿರುಗಿಸಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಓದಿದರು.

“ಸೋಮವಾರ. ಓದಿದವಳು ಸಬೀಹಾ. ಕೇಳಿದವನು ನಾನೊಬ್ಬನೇ. ಓದಿದ್ದು ಜೆರಾಕ್ಸ್ ಪ್ರತಿಯಿಂದ, ಕೊನೆಯ ಎಲೆಯವರೆಗೆ. ಜಾಗ...”

“ಜಾಗ?”

“ಜಾಗ ಯಡಿಯೂರು ಕೆರೆ ದಂಡೆ, ಕಲ್ಲುಬೆಂಚು. ಪಕ್ಕದ ಸೈಟಿನಲ್ಲಿ ಬೋರ್ ಕೊರೆಯುತ್ತಿದ್ದರಿಂದ. ಐದೂಕಾಲಿಗೆ ಶುರು, ಆರೂವರೆಗೆ ಮುಕ್ತಾಯ. ನಡುವೆ ನಾನು ಎರಡು ನಿಮಿಷ ತೂಕಡಿಸಿದೆ. ಆ ಸಾಲುಗಳನ್ನು ಮತ್ತೆ ಓದಿಸಿದೆ.”

ಓದಿ ಮುಗಿಸಿ ನಂದಕುಮಾರ್ ಪುಸ್ತಕ ಮುಚ್ಚಿದರು.

“ತನ್ನ ತೂಕಡಿಕೇನೂ ಬಿಡದೆ ಬರೆಯೋ ಮನುಷ್ಯ,” ಎಂದಳು ಗೌರಮ್ಮ. “ಆರು ಗಂಟೆಗೆ ಅವರಿಬ್ರೂ ಕೆರೆ ಹತ್ರ. ನೀವು ಇಲ್ಲಿ ಖಾಲಿ ರೂಮಿಗೆ ಕಿವಿ ಕೊಟ್ಟು ಯಾವ ಜಗಳ ಕೇಳಿದ್ರಿ ಸಾರ್?”

“ಗೌರಮ್ಮನವರೇ, ಒಂದು ನಿಮಿಷ...”

“ಕೇಳಿದ್ರೋ ಇಲ್ವೋ?”

“ಕೇಳಲಿಲ್ಲ. ಆದ್ರೆ ನಾನು ಹೇಳೋದನ್ನ ಸ್ವಲ್ಪ...”

“ಅಷ್ಟು ಸಾಕು.”

ಗೌರಮ್ಮನ ನಾಲ್ಕು ದಿನದ ಸಿಟ್ಟು ಬಾಯಿಗೆ ಬಂದಿತ್ತು. ಓದಿದ ಮನುಷ್ಯ, ಬಿಳಿ ಕೂದಲು, ಒಂದು ಹೆಣ್ಣುಮಗಳ ಬಾಳಿಗೆ ಕಲ್ಲು ಹಾಕುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಅವಳು ದಿನೇಶ್‌ಗೆ ಫೋನ್ ಹಚ್ಚಿದಳು.

“ಸಾರ್, ನಾಲ್ಕೂ ಹೇಳಿಕೆ ಬಿದ್ದೋಯ್ತು. ಮೂರು ಜನಕ್ಕೆ ಹೇಳಿದ್ದು ನಂದಕುಮಾರ್. ಅವರೂ ಕೇಳಿಲ್ಲ ಅಂತಿದಾರೆ. ಕೋರ್ಟಿಗೆ ಹೋದ್ರೆ ನಿಮ್ಮ ರೈಟರ್ ಮಾನ ಹೋಗುತ್ತೆ. ಸಾಹೇಬರ ಕೈಬರಹದಲ್ಲೇ ಪುರಾವೆ ಇದೆ.”

ದಿನೇಶ್ ಪ್ರೊಬೇಷನ್ನಿನಲ್ಲಿದ್ದಾಗ ಅವನಿಗೆ ಮಹಜರು ಬರೆಯಲು ಕಲಿಸಿದ್ದು ಗೌರಮ್ಮನೇ. ಅವಳ ಮಾತಿಗೆ ಅವನಲ್ಲಿ ಬೆಲೆ ಇತ್ತು. “ನಂದಕುಮಾರ್ ಅವರಿಗೆ ಕೊಡಿ ಮೇಡಂ,” ಎಂದ.

ನಂದಕುಮಾರ್ ಫೋನ್ ತೆಗೆದುಕೊಂಡರು. “ಹೌದು. ನಾನು ಕೇಳಿಲ್ಲ. ಆದ್ರೆ ಇನ್ಸ್‌ಪೆಕ್ಟರೇ, ದಯವಿಟ್ಟು ಆ ಹುಡುಗೀನ...”

ಗೌರಮ್ಮ ಫೋನನ್ನು ಕಿತ್ತುಕೊಂಡಳು. ಇನ್ನೊಂದು ಸುಳ್ಳು ಕೇಳುವ ತಾಳ್ಮೆ ಅವಳಿಗಿರಲಿಲ್ಲ.

“ಆಯ್ತು ಮೇಡಂ,” ಎಂದ ದಿನೇಶ್. “ಇವತ್ತು ಎತ್ತಲ್ಲ. ಗೇಟಲ್ಲಿರೋ ಹುಡುಗರನ್ನೂ ವಾಪಸ್ ಕರೆಸ್ಕೋತೀನಿ. ನಾಳೆ ಆ ಸೆಕ್ರೆಟರಿನ ಠಾಣೆಗೆ ಕರ್ಕೊಂಡು ಬನ್ನಿ.”

ಗೌರಮ್ಮ ಮೆಟ್ಟಿಲ ಬಳಿ ಹೋಗಿ ಸಬೀಹಾಳನ್ನು ಕೂಗಿ ಕರೆದಳು. ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಬಂದಳು. ವಿಷಯ ಕೇಳಿ ಗೋಡೆಗೆ ಒರಗಿ ನಿಂತುಬಿಟ್ಟಳು. ಆಮೇಲೆ ಗೌರಮ್ಮನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾಲ್ಕು ದಿನದ ಅಳು ಆಗ ಬಂತು.

“ಹುಚ್ಚಿ, ಈಗ್ಯಾಕೆ ಅಳ್ತೀಯ. ಹೋಗು, ಅಮ್ಮನಿಗೆ ಫೋನ್ ಮಾಡು.”

“ಆಸ್ಪತ್ರೆಗೆ ಹೋಗ್ತೀನಿ ಆಂಟಿ. ನನ್ನನ್ನ ಒಳಗೆ ಬಿಟ್ಟಿರ್ಲಿಲ್ಲ. ಸರ್ ಕಿವೀಲಿ ಹೇಳ್ತೀನಿ, ಗೆರೆ ಎಳೆದೇ ಗೆದ್ವಿ ಅಂತ.”

“ಅವಳನ್ನ ಕಳಿಸ್ಬೇಡಿ,” ಎಂದರು ನಂದಕುಮಾರ್.

ಸಬೀಹಾ ಅವರ ಕಡೆ ನೋಡಲೂ ಇಲ್ಲ. ಗೌರಮ್ಮ ನೋಡಿದಳು. “ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಸಾರ್. ಈ ಮಗೂಗೆ ನೀವು ಮಾಡಿದ್ದು ಸಾಕು.”

ಸಬೀಹಾಳ ಚಪ್ಪಲಿಯ ಸದ್ದು ಕೆಳಗಿಳಿದು ಹೋಯಿತು. ಹೊರಗೆ ಕಾನ್‌ಸ್ಟೇಬಲ್‌ಗಳ ಬೈಕ್ ಸ್ಟಾರ್ಟಾಗಿ ದೂರ ಸರಿಯಿತು. ಗೌರಮ್ಮ ಬಾಟಲಿಯ ನೀರನ್ನು ಗಟಗಟ ಕುಡಿದು, ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಮತ್ತೆ ಕುರ್ಚಿಗೆ ಬಂದಳು. ಮನಸ್ಸು ಹಗುರಾಗಿತ್ತು. ಹಗುರಾದ ಮೇಲೆ ಕೇಳಬೇಕಾಗಿದ್ದ ಪ್ರಶ್ನೆ ನೆನಪಾಯಿತು.

“ಈಗ ಹೇಳಿ. ಈ ಜಗಳದ ಕತೆ ನೀವೇ ಕಟ್ಟಿದ್ದಾ, ಯಾರಾದ್ರೂ ಹೇಳಿಕೊಟ್ಟಿದ್ದಾ?”

ನಂದಕುಮಾರ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದರು. “ಅವಳಿಗೆ ಗೊತ್ತಾಗಬಾರದು ಅಂದಿದ್ರು. ನೀವು ನನ್ನ ಬಾಯೇ ತೆಗೆಯೋಕೆ ಬಿಡ್ಲಿಲ್ಲ.”

“ಯಾರು ಅಂದಿದ್ದು?”

ಅವರು ಜೇಬಿನಿಂದ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. “ಇದರಲ್ಲಿ ಎಲ್ಲಾ ಫೋನ್ ಕಾಲೂ ತಾನಾಗೇ ರೆಕಾರ್ಡ್ ಆಗುತ್ತೆ. ಸೊಸೆ ಹಾಕಿಕೊಟ್ಟಿದ್ದು. ಸೋಮವಾರ ಏಳು ನಲವತ್ತಕ್ಕೆ ಬಂದ ಫೋನು. ಅದಾದ ಅರ್ಧ ಗಂಟೆಗೆ ಹನಮಂತ ಸಾಹೇಬರನ್ನ ಮೆಟ್ಟಿಲ ಕೆಳಗೆ ನೋಡಿದ್ದು.”

ಬೆರಳು ಒತ್ತಿದರು. ಸಣ್ಣ ಗರಗರ ಸದ್ದು, ಆಮೇಲೆ ವಯಸ್ಸಾದ ಒಂದು ದನಿ. ಟಿ.ವಿ. ಚರ್ಚೆಯಲ್ಲಿ ಒಮ್ಮೆ ಆ ದನಿಯನ್ನು ಕೇಳಿದ್ದ ಗೌರಮ್ಮನಿಗೆ ಗುರುತು ಹತ್ತಲು ತಡವಾಗಲಿಲ್ಲ. ವಾಜಿದ್ ಸಾಹೇಬರು.

“ನಂದಕುಮಾರ್, ನಾನು ಕಣಪ್ಪ. ನೀನು ನನಗೋಸ್ಕರ ಒಂದು ಸುಳ್ಳು ಹೇಳ್ಬೇಕು. ಸಬೀಹಾ ನನ್ನ ಜೊತೆ ಜಗಳ ಆಡಿ ಹಸ್ತಪ್ರತಿ ತಗೊಂಡು ಹೋದ್ಲು ಅಂತ ನಾಲ್ಕು ಜನಕ್ಕೆ ಹೇಳು. ಪೊಲೀಸಿಗೂ ಹೇಳು. ನನ್ನ ಹೆಸರು ತರಬೇಡ, ಅವಳಿಗೂ ಗೊತ್ತಾಗಬಾರದು. ನೀನೇ ಕೇಳಿದೆ ಅನ್ನು.”

“ಏನು ಸಾಹೇಬ್ರೇ ಇದು? ಆ ಹುಡುಗಿ ಬಾಳು...”

“ಬಾಳು ಆಮೇಲೆ. ಮೊದ್ಲು ಜೀವ. ಇವತ್ತು ಅವಳು ಕೊನೇ ಎಲೆ ಓದಿದ್ಲು. ಏನು ಓದಿದೆ ಅಂತ ಅವಳಿಗೇ ಇನ್ನೂ ಹೊಳೆದಿಲ್ಲ. ಆದ್ರೆ ಓದಿದಾಳೆ ಅಂತ ಹಸ್ತಪ್ರತಿ ಬೆನ್ನು ಹತ್ತಿರೋರಿಗೆ ಗೊತ್ತಾಗಿದೆ. ನನ್ನ ವಿಷಯ ಬಿಡು, ನನಗೆ ವಯಸ್ಸಾಯ್ತು. ಅವಳು ಹೊರಗೆ ಇರಬಾರದು ನಂದಕುಮಾರ್. ಲಾಕಪ್ಪಿನಲ್ಲಿದ್ರೆ ಬದುಕ್ತಾಳೆ. ಯಾರೋ ಬಂದ್ರು, ಇಡ್ತೀನಿ.”

ಗರಗರ ಸದ್ದು ನಿಂತಿತು. ನಾಲ್ಕು ದಿನ ಓಡಾಡಿ, ಬೆವರು ಸುರಿಸಿ, ಆ ಮುದುಕ ಕಟ್ಟಿದ್ದ ಬೇಲಿಯನ್ನು ತಾನೇ ನಿಂತು ಕಿತ್ತುಹಾಕಿದ್ದೆ ಎಂದು ಗೌರಮ್ಮನಿಗೆ ಅರ್ಥವಾಯಿತು. ಕಾವಲಿಗಿದ್ದ ಇಬ್ಬರನ್ನೂ ಮನೆಗೆ ಕಳಿಸಿದ್ದು ತಾನೇ.

ಸಬೀಹಾಳ ನಂಬರಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಸ್ವಿಚ್ ಆಫ್.

ಬಾಲ್ಕನಿಗೆ ಓಡಿ ಬಗ್ಗಿ ನೋಡಿದಳು. ರಸ್ತೆಯಲ್ಲಿ ಬಸಪ್ಪ ಮಡಿಸಿದ ಬಟ್ಟೆಗಳಿಗೆ ಗಂಟು ಹಾಕುತ್ತಿದ್ದ.

“ಬಸಪ್ಪ, ಸಬೀಹಾ ಯಾವ ಕಡೆ ಹೋದ್ಲು?”

“ಕಾರಲ್ಲಿ ಹೋದ್ರಲ್ಲ ಅಕ್ಕ. ಆಟೋಗೆ ನಿಂತಿದ್ರು. ಕಾರಿನವರು ಬಂದು, ಗೌರಮ್ಮ ಮೇಡಂ ಕಳಿಸಿದಾರೆ, ಆಸ್ಪತ್ರೆಗೆ ಬಿಡ್ತೀವಿ ಅಂದ್ರು. ನಿಮ್ಮ ಹೆಸರು ಕೇಳಿ ಹತ್ಕೊಂಡ್ರು.”

ಗೌರಮ್ಮ ಯಾವ ಕಾರನ್ನೂ ಕಳಿಸಿರಲಿಲ್ಲ. ಅವಳು ಬಾಲ್ಕನಿಯ ಕಂಬಿ ಹಿಡಿದುಕೊಂಡೇ ದಿನೇಶ್‌ಗೆ ಫೋನ್ ಹಚ್ಚಿದಳು.

“ಸಾರ್, ಸಬೀಹಾನ ಅರೆಸ್ಟ್ ಮಾಡಿ. ಈಗ್ಲೇ. ಎಲ್ಲಾ ಗಾಡಿಗಳಿಗೂ ವೈರ್‌ಲೆಸ್‌ನಲ್ಲಿ ಹೇಳಿ, ಎಲ್ಲಿ ಸಿಕ್ಕಿದ್ರೂ ಹಿಡೀಲಿ, ಒಳಗೆ ಹಾಕ್ಲಿ.”

“ಯಾವ ಕೇಸಲ್ಲಿ ಮೇಡಂ?” ಎಂದ ದಿನೇಶ್. “ಇದ್ದ ಕೇಸನ್ನ ಈಗ ತಾನೇ ನೀವೇ ಮುಗಿಸಿದ್ರಲ್ಲ.”